ಚಿಲ್ಲರೆ ಕೇಳಿದ ಹುಡುಗಿ

“ಅಕ್ಕಾ, ನಿಮ್ಮ ಸಾಮಾನಿಗೆ ನನ್ನ ಕಾರ್ಡ್ ಕೊಡ್ತೀನ್ರಿ, ನನಗ ಚಿಲ್ಲರೆ ಕೊಡ್ತೀರೇನ್ರಿ?”

ನೆದರ್‌ಲೆಂಡ್ಸ್‌ನ ಡೀಮೆನ್ ಊರಿನ ಸೂಪರ್‌ಮಾರ್ಕೆಟ್ ಸಾಲಿನಲ್ಲಿ, ಒಂದೂವರೆ ಮೀಟರ್ ಹಿಂದೆ ಮಾಸ್ಕ್ ಹಾಕಿ ನಿಂತಿದ್ದ ಹುಡುಗಿ ಕೇಳಿದಳು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿರಬೇಕು. ಆ ಕಾರ್ಡ್ ನನಗೆ ಗೊತ್ತಿತ್ತು. ಲಾಕ್‌ಡೌನ್‌ನಲ್ಲಿ ಪಾರ್ಟ್‌ಟೈಮ್ ಕೆಲಸ ಕಳೆದುಕೊಂಡ ವಿದ್ಯಾರ್ಥಿಗಳಿಗೆ ನಮ್ಮ ಇಲ್ಲಿನ ಕನ್ನಡಿಗರ ಗುಂಪು ಹಂಚಿದ್ದ ದಿನಸಿ ಕಾರ್ಡ್ ಅದು. ದುಡ್ಡು ಕೊಟ್ಟರೆ ಪೋಲು ಮಾಡುತ್ತಾರೆ, ಕಾರ್ಡೇ ಇರಲಿ ಎಂದು ಹಟ ಹಿಡಿದವಳು ನಾನೇ.

“ಅದು ಊಟಕ್ಕೆ ಅಂತ ಕೊಟ್ಟಿರೋದಮ್ಮ. ಚಿಲ್ಲರೆ ಯಾಕೆ ನಿಂಗೆ?” ಎಂದೆ, ಬಿಗಿಯಾಗಿಯೇ.

ಅವಳು ಬುಟ್ಟಿಯಲ್ಲಿದ್ದ ಸೋಪಿನ ಪುಡಿ ತೋರಿಸಿದಳು. “ಇದು ಕಾರ್ಡಿಗೆ ಬರತೈತ್ರಿ. ಹಾಸ್ಟೆಲ್ ವಾಷಿಂಗ್ ಮಷೀನಿಗೆ ಕಾಯಿನ್ನೇ ಹಾಕಬೇಕ್ರಿ. ಊರಾಗ ಅಪ್ಪ ತೀರಿಕೊಂಡ್ರು. ನಾಳೆ ಸೂತಕ ಕಳೀತೈತಿ, ಹಾಸಿಗಿ ಹೊದಿಕಿ ಎಲ್ಲಾ ತೊಳೀಬೇಕು.”

ನಮ್ಮ ಮನೆಗೆ ಬಾ, ಅಲ್ಲೇ ಒಗೆದುಕೋ ಎಂದೆ.

“ಸೂತಕದ ಅರಿವಿ ನಿಮ್ಮ ಮನ್ಯಾಗ ಬ್ಯಾಡ್ರಿ ಅಕ್ಕಾ,” ಎಂದು ಅವಳು ಇನ್ನೂ ಹಿಂದೆ ಸರಿದಳು.

ಕೊರೊನಾ ಬಂದ ಮೇಲೆ ನಾನು ನಾಣ್ಯ ಮುಟ್ಟಿರಲಿಲ್ಲ. ಇರು ಎಂದು ಹೇಳಿ ಓಡಿದೆ. ಎಟಿಎಂನಿಂದ ನೋಟು ತೆಗೆದು, ಕೌಂಟರಿನಲ್ಲಿ ಅಂಗಲಾಚಿ ಚಿಲ್ಲರೆ ಮಾಡಿಸಿಕೊಂಡು ಬರುವಷ್ಟರಲ್ಲಿ ಅವಳಿರಲಿಲ್ಲ. ಬುಟ್ಟಿ ನೆಲದ ಮೇಲಿತ್ತು, ಸೋಪಿನ ಪುಡಿ ಅದರಲ್ಲೇ ಇತ್ತು.

ಆ ಚಿಲ್ಲರೆ ಇನ್ನೂ ನನ್ನ ಚಳಿಗಾಲದ ಕೋಟಿನ ಜೇಬಿನಲ್ಲಿದೆ. ಹುಡುಕೋಣವೆಂದರೆ ಹೆಸರು ಗೊತ್ತಿಲ್ಲ. ಚಿಲ್ಲರೆ ಯಾಕೆ ಎಂದು ಕೇಳಿದೆನೇ ಹೊರತು, ನಿನ್ನ ಹೆಸರೇನು ಎಂದು ನಾನು ಕೇಳಲೇ ಇಲ್ಲ.