ಎಂಬೊಂಗ್ ಮರಕ್ಕೆ ಬಟ್ಟೆ ಉಡಿಸಿದ್ದು

ನಮ್ಮೂರಿನ ಹೆಸರು ಗೆಲಾಂ ಸೆಬಾತಾಂಗ್. ಅಂದರೆ ನಮ್ಮ ಮಲಯ್ ಮಾತಿನಲ್ಲಿ ಒಂಟಿ ಗೆಲಾಂ ಮರ. ಹೆಸರಿಟ್ಟ ಹಿರಿಯರಿಗೆ ಕಾಲಜ್ಞಾನವೇ ಇದ್ದಿರಬೇಕು, ಏಕೆಂದರೆ ಆಗ ಜೌಗಿನ ತುಂಬ ಗೆಲಾಂ ಮರಗಳೇ ಇದ್ದವಂತೆ. ಈಗ ಜೌಗೆಲ್ಲ ಸಿಗಡಿ ಕೊಳವಾಗಿ, ದೋಣಿಕಟ್ಟೆಯ ಪಕ್ಕ ಒಂದೇ ಮರ ಉಳಿದು, ಊರು ಹೆಸರಿಗೆ ತಕ್ಕಂತಾಗಿದೆ.

ಆ ಮರದ ಹತ್ತಿರದ ಚಪ್ಪರದಲ್ಲೇ ಊರೆಲ್ಲ ಗೌರವದಿಂದ ಪಾಕ್ ಎಂದು ಕರೆಯುವ ಎಂಬೊಂಗ್ ಜೀವಮಾನವಿಡೀ ದೋಣಿ ಕಟ್ಟಿದ. ನಕ್ಷೆಯಿಲ್ಲ, ಕಬ್ಬಿಣದ ಮೊಳೆಯಿಲ್ಲ. ಹಲಗೆಯ ಮೇಲೆ ಹಲಗೆ ಇಟ್ಟು ಮರದ ಗೂಟಗಳಿಂದ ಬಡಿದು ಕೂರಿಸುವುದು, ನಡುವೆ ಗೆಲಾಂ ತೊಗಟೆ ಹಾಸುವುದು. ಆ ಬಿಳಿ ತೊಗಟೆ ಕಾಗದದ ಹಾಗೆ ಪದರು ಪದರಾಗಿ ಸುಲಿದು ಬರುತ್ತದೆ, ನೀರು ಕುಡಿದರೆ ಉಬ್ಬಿ ಸಂದು ಮುಚ್ಚುತ್ತದೆ. ಎಂಬೊಂಗನಿಗೆ ಅದರ ಮೇಲೆ ಎಷ್ಟು ನಂಬಿಕೆಯೆಂದರೆ ಮನೆ ಸೋರಿದರೂ ತೊಗಟೆ, ಹಲ್ಲು ಟೊಳ್ಳಾದರೂ ತೊಗಟೆ, ಹೆಂಡತಿ ಬೈಯತೊಡಗಿದರೆ ಕಿವಿಗೂ ತೊಗಟೆ.

ಹೆಂಡತಿ ಮಾಕ್ ಎಸಾ ಮದುವೆಯ ಹೊಸದರಲ್ಲಿ ಗಂಡನ ದೋಣಿ ಹತ್ತಿ ಕುಳಿತಿದ್ದಳು. ಪಾದ ಒದ್ದೆಯಾಯಿತು. "ಸ್ವಲ್ಪ ತಡಿಯೇ, ತೊಗಟೆ ನೀರು ಕುಡೀಲಿ" ಎಂದು ಅವನು ಹೇಳುವಷ್ಟರಲ್ಲಿ ಇಳಿದು ಮನೆ ಸೇರಿದ್ದಳು. ಮೊಮ್ಮಕ್ಕಳಾದರೂ ಮತ್ತೆ ಹತ್ತಲಿಲ್ಲ. ಎದುರಿನ ದ್ವೀಪದಲ್ಲಿರುವ ತಂಗಿಯ ಮನೆಗೆ ಹೋಗಬೇಕಾದರೂ ಬೇರೆಯವರು ಕಟ್ಟಿದ ದೋಣಿಯೇ ಆಗಬೇಕು. ಕಾಫಿ ಅಂಗಡಿಯಲ್ಲಿ ಜನ ಸುಮ್ಮನೆ ಬಿಡುತ್ತಾರೆಯೇ?

"ಪಾಕ್ ಎಂಬೊಂಗ್, ನಿಮ್ಮ ದೋಣಿ ಸಮುದ್ರ ದಾಟುತ್ತೆ, ನಿಮ್ಮನೆ ಹೊಸ್ತಿಲು ಮಾತ್ರ ದಾಟಲ್ಲ ನೋಡಿ!"

ಅವನೂ ನಗುತ್ತಿದ್ದ. ಆದರೆ ಒಳಗೊಳಗೇ ನೋಯುತ್ತಿದ್ದ. ನಾನು ಪಕ್ಕದ ಮನೆಯವನು, ನನಗೆ ಗೊತ್ತು. ಕೈ ನಡುಗತೊಡಗಿದ ಮೇಲೆ ಕೊನೆಯದೆಂದು ಒಂದು ಪುಟ್ಟ ದೋಣಿ ಶುರುಮಾಡಿದ. ಮಾರುವುದಕ್ಕಲ್ಲ, ಎಸಾಳನ್ನು ಕೂರಿಸಿಕೊಂಡು ದ್ವೀಪಕ್ಕೆ ಹೋಗುವುದಕ್ಕೆ. ತೊಗಟೆ ಎಲ್ಲೂ ಸಿಗಲಿಲ್ಲ. ಏಣಿ ಎಟುಕುವವರೆಗೂ ಊರಿನ ಮರವನ್ನೇ ಸುಲಿದ. ಒಳತೊಗಟೆ ಉಳಿಸಿದ್ದರಿಂದ ಮರಕ್ಕೇನೂ ಆಗಲಿಲ್ಲ, ಆದರೆ ಅದು ಬಚ್ಚಲಿನಲ್ಲಿ ಸಿಕ್ಕಿಬಿದ್ದ ಗಂಡಸಿನ ಹಾಗೆ ನಿಂತಿತ್ತು.

ಊರ ಮುಖಂಡ ತೊಕ್ ದೆರಾಮಾನ್ ಏದುಸಿರು ಬಿಡುತ್ತ ಓಡಿಬಂದಿದ್ದು ಆಗಲೇ. ಸರ್ಕಾರ ಸಣ್ಣ ಊರುಗಳನ್ನು ಕೂಡಿಸುತ್ತಿದೆ, ಹೆಸರಿನ ಮರ ಕಣ್ಣಿಗೆ ಕಂಡರೆ ಹೆಸರು ಉಳಿಯುತ್ತದೆ, ಇಲ್ಲದಿದ್ದರೆ ನಾವು ಗೋಂಗ್ ನಂಕಾಕ್ಕೆ ಸೇರಿದಂತೆ! ಗೋಂಗ್ ನಂಕಾ ಅಂದರೆ ಹಲಸಿನ ದಿಬ್ಬ. ಅಲ್ಲಿ ಹಲಸಿನ ಮರ ಮೂರಿವೆ, ಸೊಕ್ಕು ಮಾತ್ರ ತೋಪಿನಷ್ಟಿದೆ. ದೋಣಿ ಪಂದ್ಯದಲ್ಲಿ ಒಮ್ಮೆ ಗೆದ್ದು ವರ್ಷವಿಡೀ ಹೇಳಿಕೊಂಡು ತಿರುಗುವ ಜನ. ಅವರ ಹೆಸರು ಹೊತ್ತು ಬದುಕುವುದೆಂದರೆ ನನಗಂತೂ ಮೈಯೆಲ್ಲ ಉರಿಯುತ್ತದೆ.

"ಊರಿನ ಮಾನಾನೇ ಸುಲಿದುಬಿಟ್ರಲ್ಲ ಪಾಕ್ ಎಂಬೊಂಗ್! ಈ ಬೋಳು ಕಂಬ ತೋರಿಸಿ ಗೆಲಾಂ ಅಂದ್ರೆ ಯಾರು ನಂಬ್ತಾರೆ?" ಎಂದ ದೆರಾಮಾನ್.

"ಎಲೆ ನೋಡಿ ಗೊತ್ತಾಗಲ್ವಾ, ತೊಕ್?"

"ಆಫೀಸಿನೋರು ತಲೆ ಎತ್ತಿ ನೋಡೋದು ಫ್ಯಾನ್ ನಿಂತಾಗ ಮಾತ್ರ ಕಣ್ರೀ. ನಾಳೆ ಬೆಳಗ್ಗೆ ಬರ್ತಾರೆ!"

ಒಣಮೀನು ಮಗುಚಿ ಹಾಕುತ್ತಿದ್ದ ಎಸಾ ಅಲ್ಲಿಂದಲೇ ಹೇಳಿದಳು: "ಅದಕ್ಯಾಕೆ ಗೋಳು? ಬಿಚ್ಚಿದ ಬಟ್ಟೆ ವಾಪಸ್ ಉಡಿಸಿ."

ಎಂಬೊಂಗ್ ಉಳಿದ ತೊಗಟೆಯ ರಾಶಿಗೆ ಅಡ್ಡ ನಿಂತ. "ಇದನ್ನ ಕೊಟ್ರೆ ದೋಣಿ ಸೋರುತ್ತೆ. ಸೋರಿದ್ರೆ ನೀನು ಹತ್ತಲ್ಲ. ಮತ್ಯಾಕೆ ಬೇಕು ನಂಗೆ ದೋಣಿ?"

ಗಂಡನನ್ನು ಅಬಾಂಗ್ ಎಂದೇ ಕರೆಯುವ ಎಸಾ ಎದ್ದು ಬಂದಳು. "ಕೊಡಿ ಅಬಾಂಗ್. ಸೋರಿದ್ರೂ ಹತ್ತೀನಿ. ತೊಕ್ ದೆರಾಮಾನೇ ಸಾಕ್ಷಿ. ಹಲಸಿನ ದಿಬ್ಬದವಳಾಗಿ ಮಾತ್ರ ನಾನು ಸಾಯಲ್ಲ."

ಸರಿ, ಎಂಬೊಂಗ್ ಬೆತ್ತದ ದಾರ ಬಿಗಿದು, ರಾಳ ಮೆತ್ತಿ, ಮರಕ್ಕೆ ತೊಗಟೆ ಉಡಿಸಿದ. ಕೆಲವು ಪದರು ತಲೆಕೆಳಗಾಗಿದ್ದವು. ಒಂದರ ಮೇಲೆ ಅವನು ದೋಣಿಯ ಅಳತೆಗೆಂದು ಹಾಕಿದ್ದ ಇದ್ದಿಲಿನ ಗುರುತು ಎದ್ದು ಕಾಣುತ್ತಿತ್ತು, ಅದಕ್ಕೆ ಬೆನ್ನು ಕೊಟ್ಟು ನಿಲ್ಲುವ ಕೆಲಸ ನನಗೆ ಬಂತು. ಬೆಳಗ್ಗೆ ಬಂದ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಮರದ ಸುತ್ತ ನಡೆದು, ಒಂದು ತುದಿ ಹಿಡಿದು ಎಳೆದಳು. ಇಷ್ಟಗಲದ ತೊಗಟೆ ಕೈಗೇ ಬಂತು. ದೆರಾಮಾನ್ ಕಣ್ಣು ಮುಚ್ಚಿ ದೇವರನ್ನು ನೆನೆದ.

"ಅರೆ, ಹಂಗೇ ಸುಲಿದು ಬಂತಲ್ಲ! ಅಸಲಿ ಗೆಲಾಂ ಇದು" ಎಂದು ಅವಳು ಹಿಗ್ಗಿದಳು. "ಹೆಸರು ಹಾಗೇ ಇರ್ಲಿ. ಆದ್ರೆ ಒಂದು ಮಾತು, ಇನ್ಮೇಲೆ ಈ ಮರ ಯಾರೂ ಮುಟ್ಟೋ ಹಾಗಿಲ್ಲ."

ಊರೆಲ್ಲ ಕುಣಿಯಿತು. ಅವಳು ಹೋದಮೇಲೆ ತೊಗಟೆ ಬಿಚ್ಚಿಕೊಳ್ಳೋಣವೆಂದು ಏಣಿ ತಂದಿಟ್ಟಿದ್ದ ಎಂಬೊಂಗ್ ಮಾತ್ರ ಪೆಚ್ಚಾಗಿ ಕುಳಿತ.

ಚೂರುಪಾರು ಎಲ್ಲ ಕೂಡಿಸಿದರೂ ದೋಣಿಯ ಕೆಳಗಿನ ಒಂದು ಸಂದಿಗೆ ತೊಗಟೆ ಸಾಲಲಿಲ್ಲ. ಎಸಾಳೇ ತಾನು ಉಡುವ ಹಳೆಯ ಸರೋಂಗ್ ಹರಿದು ಕೊಟ್ಟಳು. ಮಳೆಗಾಲ ಹಿಡಿಯುವ ಮುಂಚೆ ದೋಣಿ ನೀರಿಗಿಳಿಯಿತು. ನೋಡಿ ನಗಲೆಂದೇ ಗೋಂಗ್ ನಂಕಾದವರು ತಿಂಡಿ ಕಟ್ಟಿಕೊಂಡು ಬಂದಿದ್ದರು. ಎಂಬೊಂಗನ ಕೈ ನಡುಗುವುದರಿಂದ ಹುಟ್ಟು ನನ್ನ ಪಾಲಿಗೆ ಬಂತು.

ಎಸಾ ಹಬ್ಬದ ಬಟ್ಟೆಯಲ್ಲಿ, ಕೊಡೆ ಹಿಡಿದು ಹತ್ತಿದಳು. ಎಲ್ಲ ಸಂದಿನಿಂದಲೂ ನೀರು ಬಂತು.

"ಮಾಕ್ ಎಸಾ, ಈಜು ಬರುತ್ತಾ?" ಎಂದು ದಡದಿಂದ ಯಾರೋ ಕೂಗಿದರು.

"ಸ್ವಲ್ಪ ತಡಿಯೇ, ತೊಗಟೆ ನೀರು ಕುಡೀಲಿ" ಎಂದ ಎಂಬೊಂಗ್. ಅವನ ದನಿ ಅಳುವವನ ದನಿಯಂತಿತ್ತು.

"ಮದುವೆ ಆದಾಗಿಂದ ಕುಡೀತಾನೇ ಇದೆಯಾ ಅದು?"

ಎಸಾ ಸಿಡುಕಿದಳು, ಆದರೆ ಇಳಿಯಲಿಲ್ಲ. ತೆಂಗಿನ ಚಿಪ್ಪಿನಿಂದ ನೀರು ಎತ್ತಿ ಚೆಲ್ಲುತ್ತ, ಬೈಯುತ್ತ ಕುಳಿತಳು. ಗೋಂಗ್ ನಂಕಾದವರ ತಿಂಡಿ ಮುಗಿಯಿತು, ದೋಣಿ ಮುಳುಗಲಿಲ್ಲ, ಬೇಸತ್ತು ಎದ್ದು ಹೋದರು. ಸಂದುಗಳು ಒಂದೊಂದಾಗಿ ಮುಚ್ಚಿಕೊಂಡವು. ಸರೋಂಗ್ ತುರುಕಿದ್ದು ಮಾತ್ರ ಜಿನುಗುತ್ತಲೇ ಇತ್ತು. "ನನ್ನ ಬಟ್ಟೆ, ನಾನೇ ನೋಡ್ಕೋತೀನಿ" ಎಂದು ಎಸಾ ಅದರ ಮೇಲೆ ಹಿಮ್ಮಡಿ ಒತ್ತಿದಳು. ನೀರು ನಿಂತಿತು.

ದ್ವೀಪ ಮುಟ್ಟಿದೆವು. ತಂಗಿ ದಡದಲ್ಲಿ ನಿಂತು ಕೈಬೀಸುತ್ತಿದ್ದಳು.

"ಬಂತು, ಇಳಿಯೇ" ಎಂದ ಎಂಬೊಂಗ್.

ಎಸಾ ಅಲ್ಲಾಡಲಿಲ್ಲ. "ಹೆಂಗ್ ಇಳೀಲಿ? ಕಾಲು ತೆಗೆದ್ರೆ ನಿಮ್ಮ ದೋಣಿ ಮುಳುಗುತ್ತೆ." ಕೊಡೆಯನ್ನು ಗಂಡನ ಕಡೆಗೂ ಸ್ವಲ್ಪ ಸರಿಸಿ, ನನ್ನತ್ತ ತಿರುಗಿದಳು. "ಏನ್ ನೋಡ್ತೀಯೋ? ಹೊಡಿ ಹುಟ್ಟು, ಇನ್ನೊಂದು ಸುತ್ತು."