ಸಂದಿಯಲ್ಲಿ ಕದ್ದ ಉಸಿರು

ಬೋರ್ಡು ಬರೆಯುವವನಿಗೆ ಮಧ್ಯಾಹ್ನ ದಾಟಿದರೆ ಲೋಕ ಎರಡಾಗುತ್ತಿತ್ತು. ಎರಡು ಬೀದಿ, ಎರಡು ಬಣ್ಣದ ಡಬ್ಬಿ, ಎರಡು ಸೂರ್ಯ. ಏಣಿಯ ಮೇಲೆ ಕೂತು ಅವು ಒಂದರ ಮೇಲೊಂದು ತೇಲುವುದನ್ನು ನೋಡುತ್ತಿದ್ದರೆ, ನೀರಿನೊಳಗಿಂದ ಊರು ನೋಡಿದಂತಿರುತ್ತಿತ್ತು. ರೆಪ್ಪೆಗಳು ತಾವಾಗಿಯೇ ಇಳಿಯುತ್ತಿದ್ದವು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಅಕ್ಷರ ಮುಗಿಸುತ್ತಿದ್ದ.

"ನಾನೂ ಇಬ್ಬರು ಕಾಣ್ತೀನೇನ್ರೀ?" ಎಂದು ಹೆಂಡತಿ ಕೇಳಿದರೆ, "ಒಬ್ಬಳನ್ನೇ ಸುಧಾರಿಸೋಕಾಗ್ತಿಲ್ಲ, ದೇವರಿಗೆ ಕರುಣೆಯೇ ಇಲ್ಲ" ಎನ್ನುತ್ತಿದ್ದ.

ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ನರ ಕೊಟ್ಟ ಅಪ್ಪಣೆ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ಬಳಸಿದಷ್ಟೂ ಸ್ನಾಯು ಸೋಲುತ್ತದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ತೆಗೆದರೆ ತಿಂಗಳುಗಳ ಮೇಲೆ ಗುಣ ಕಾಣಬಹುದು. ಆದರೆ ಆಪರೇಷನ್ನಿನ ನಂತರ ಕೆಲವರಿಗೆ ಉಸಿರಾಟದ ಸ್ನಾಯುಗಳೇ ಕೈಕೊಡುತ್ತವೆ. ಯಾರಿಗೆ ಹಾಗಾದೀತೆಂದು ಮೊದಲೇ ಅಂದಾಜು ಮಾಡುವುದು ಅರಿವಳಿಕೆ ಡಾಕ್ಟರಮ್ಮನ ಕೆಲಸ.

ಸುಸ್ತು ಕಂಡು ಆಪರೇಷನ್ ಮುಂದೆ ಹೋದರೆ ಮತ್ತೆ ಏಣಿ ಹತ್ತುವ ದಿನವೂ ಮುಂದೆ ಹೋಗುತ್ತದೆಂದು ಅವನಿಗೆ ಭಯ. ಸ್ನಾಯುವಿಗೆ ಕೆಲವು ಗಂಟೆ ಕಸುವು ಕೊಡುವ ಮಾತ್ರೆಯ ಬಲ ಏರಿದ ಹೊತ್ತು ನೋಡಿಕೊಂಡೇ ಡಾಕ್ಟರಮ್ಮನ ಬಳಿ ಬಂದು, ಉಸಿರಿನ ಬಲ ಅಳೆಯಲು ಊದುವ ಯಂತ್ರವನ್ನು ಜೋರಾಗಿ ಊದಿದ. ನುಂಗಲು ತೊಂದರೆಯೇ? ಇಲ್ಲವೇ ಇಲ್ಲ.

"ನೀವು ಬರೆದ ಬೋರ್ಡುಗಳನ್ನೇ ಒಂದೇ ಉಸಿರಿಗೆ ಹೇಳ್ತಾ ಹೋಗಿ, ನೋಡೋಣ."

"ಕನ್ನಡಕದ ಅಂಗಡಿ, ಬೀಗ ರಿಪೇರಿ, ಹೊಲಿಗೆ ತರಬೇತಿ, ಹಲ್ಲಿನ ಆಸ್ಪತ್ರೆ..." ಸಾಲು ಹರಿಯುತ್ತಲೇ ಇತ್ತು. ಡಾಕ್ಟರಮ್ಮನ ಮುಖ ಅರಳಿತು.

ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ಅರಳಲಿಲ್ಲ. ಬ್ರಷ್ಷಿನಲ್ಲಿ ಬಣ್ಣ ತೀರುವ ಮುನ್ನ, ಗೆರೆಗೆ ಗೆರೆ ಕೂಡುವ ಸಂದಿಯಲ್ಲೇ ಅವನು ಕೈ ಎತ್ತುತ್ತಿದ್ದ; ಬಣ್ಣ ಅದ್ದಿ ಮತ್ತೆ ಅಲ್ಲಿಂದಲೇ ಎಳೆದರೆ, ನಡುವೆ ನಿಂತದ್ದು ಯಾರಿಗೂ ಕಾಣದು. ಏಣಿಯ ಬುಡದಲ್ಲಿ ಡಬ್ಬಿ ಹಿಡಿದು ವರ್ಷಗಟ್ಟಲೆ ನಿಂತವಳಿಗೆ ಕಾಣದಿರುತ್ತದೆಯೇ?

"ಹೆಸರು ಹೆಸರಿನ ಸಂದೀಲಿ ಇವರು ಉಸಿರು ಕದ್ದರು ಡಾಕ್ಟ್ರೇ. ನೀರು ಕುಡಿದ್ರೆ ಮೂಗಿಗೆ ಬರುತ್ತೆ, ಅದನ್ನೂ ಹೇಳಲ್ಲ."

"ಸುಮ್ನಿರೇ! ಆಪರೇಷನ್ ಮುಂದಕ್ಕೆ ಹಾಕ್ತಾರೆ."

"ಹಾಕ್ಲಿ. ಗೋಡೆ ಬಿದ್ರೂ ಸರಿ, ಬೋರ್ಡು ಚೆಂದ ಕಾಣ್ಬೇಕು ಅನ್ನೋ ಪೈಕಿ ನೀವು!"

ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ನಿಮ್ಮ ಶಕ್ತಿ ನಂಬಿ ನಾನು ಆಪರೇಷನ್ ಆದ್ಮೇಲೆ ಉಸಿರಿನ ನಳಿಕೆ ಬೇಗ ತೆಗೆದ್ರೆ ಕಷ್ಟ ನಿಮಗೇ. ನನಗೆ ನಿಮ್ಮ ಸುಸ್ತು ಕಾಣ್ಬೇಕು. ಸಂಜೆ, ಮಾತ್ರೆ ತಗೊಳ್ಳೋಕೆ ಮುಂಚೆ ಬನ್ನಿ."

ಸಂಜೆ ಅವನು ಕದಿಯಲಿಲ್ಲ. ಹೊಲಿಗೆ ತರಬೇತಿಗೆ ಬರುವಷ್ಟರಲ್ಲಿ ದನಿ ಮೂಗಿಗೇರಿ, ದೂರದ ರೇಡಿಯೊದಂತೆ ಕರಗಿಹೋಯಿತು.

ಆಪರೇಷನ್ ಮುಂದೆ ಹೋಯಿತು. ಮೊದಲು ರಕ್ತದ ಪ್ಲಾಸ್ಮಾ ಬದಲಿಸಿ ಬಲ ತುಂಬಿದರು. ಐಸಿಯುವಿನಲ್ಲಿ ಹಾಸಿಗೆ ಕಾದಿರಿಸಿದರು. ಗ್ರಂಥಿ ತೆಗೆದ ಮರುದಿನ ಉಸಿರಾಟದ ಯಂತ್ರದ ನೆರವು ತಗ್ಗಿಸಿ ನೋಡಿದಾಗ ಎದೆ ಸೋತಿತು. ಅವಸರವಿಲ್ಲ ಎನ್ನುತ್ತ ಡಾಕ್ಟರಮ್ಮ ಮತ್ತೆ ಏರಿಸಿದರು. ಬಿಳಿ ಬಳಿದ ಬೋರ್ಡಿನಂಥ ಚಾವಣಿಯ ಕೆಳಗೆ ಅವನು ಅರೆನಿದ್ದೆಯಲ್ಲಿ ತೇಲಿದ. ಇನ್ನೂ ಬರೆಯದ ಅಕ್ಷರಗಳು ಹಕ್ಕಿಗಳಂತೆ ಬಂದು ಕೂತು ಹೋದವು. ಎದೆ ತಾನಾಗಿ ಏರಿಳಿಯತೊಡಗಿದ ಮೇಲಷ್ಟೇ ನಳಿಕೆ ಹೊರಬಂತು.

"ಈಗ ಎಷ್ಟು ಜನ ಕಾಣ್ತೀನ್ರೀ?"

"ಇಬ್ಬರು..." ಮಾತಿನ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ನಿಂತು ಅವನು ಉಸಿರೆಳೆದುಕೊಂಡ. "ಇಬ್ಬರೂ ಅಳ್ತಿದ್ದೀರಲ್ಲೇ."