ನೀರಿಳಿದ ಕೆರೆಯಲ್ಲಿ ನಿಂತ ದೋಣಿ

ದೋಣಿ ಕೊಳ್ಳುವವರಿಗೆ ನನ್ನದೊಂದು ಮಾತು: ದರ ಆಮೇಲೆ ಮಾತಾಡಿ, ಮೊದಲು ಅದನ್ನು ಕಟ್ಟುವ ಜಾಗದ ತಳ ನೋಡಿ. ನಾನು ನೋಡಲಿಲ್ಲ.

ಆಗ ಹೈದರಾಬಾದಿನಲ್ಲಿ ಹೊಸ ಸಾಫ್ಟ್‌ವೇರ್ ಆಫೀಸುಗಳಿಗೆ ಕುರ್ಚಿ, ಮೇಜು ಮಾರಿ ನಾಲ್ಕು ಕಾಸು ಮಾಡಿಕೊಂಡಿದ್ದೆ. ಊರು ಬಿಡುತ್ತಿದ್ದ ಎಂಜಿನಿಯರನೊಬ್ಬನ ಹಳೆಯ ಹಾಯಿದೋಣಿಯನ್ನು ಅವನು ಹೇಳಿದ್ದರ ಅರ್ಧಕ್ಕೆ ಹೊಡೆದೆ. ಲಿಂಗಂಪಲ್ಲಿಯಾಚೆಯ ಒಂದು ಕೆರೆಯಲ್ಲಿ ಅದನ್ನು ಕಟ್ಟಲು ಅಲ್ಲಿನ ಕಾವಲುಗಾರನ ಜೊತೆ ಇಡೀ ಬೆಳಿಗ್ಗೆ ಚೌಕಾಸಿ ಮಾಡಿದೆ. ಅವನು ಯಾದಗಿರಿ ಕಡೆಯವನು. ಕಟ್ಟುವ ಹಗ್ಗವನ್ನೂ ಅವನಿಂದಲೇ ಗಿಟ್ಟಿಸಿದೆ. "ಭಾಳ ಶ್ಯಾಣ್ಯಾ ಅದೀರಿ ಸಾಹೇಬ್ರ" ಎಂದ. ಹೊಗಳಿಕೆ ಎಂದುಕೊಂಡೆ.

ಬೇಸಿಗೆಗೆ ಕೆರೆ ಇಳಿಯಿತು. ಕುಂದಾಪುರದ ಅಳಿವೆಯಲ್ಲಿ ಬೆಳೆದ ನನಗೆ ಅದೇನು ಹೊಸತಲ್ಲ. ಅಲ್ಲಿ ಇಳಿತಕ್ಕೆ ದೋಣಿ ಕೆಸರಿನ ಮೇಲೆ ಕೂರುತ್ತದೆ, ಉಬ್ಬರ ಬಂದು ಎತ್ತುತ್ತದೆ. ಈ ದೋಣಿಯ ಹೊಟ್ಟೆಯಡಿ ಭಾರದ ಕಬ್ಬಿಣದ ಹಲಗೆಯಿತ್ತು; ಅದರ ಮೇಲೆ ನೆಟ್ಟಗೆ ನಿಲ್ಲಲೆಂದು ಎರಡೂ ಮಗ್ಗುಲಿಗೆ ಒಂದೊಂದು ಆಸರೆಗಂಬ ಕಟ್ಟಿದೆ. ನಿಂತಿತು. ಆದರೆ ಇಲ್ಲಿನ ನೀರು ಆರು ತಾಸಿನಲ್ಲಿ ಮರಳುವುದಿಲ್ಲ. ಮಳೆಗಾಲದವರೆಗೆ ಕಾಯಬೇಕು.

ಹಿಂದಿನ ಬೇಸಿಗೆಯಲ್ಲಿ ಸೈಟು ತುಂಬಿಸಲು ಲಾರಿಗಳು ಅದೇ ತಳದಿಂದ ಮಣ್ಣು ಹೊತ್ತೊಯ್ದಿದ್ದವಂತೆ. ಅವು ತೋಡಿದ ಗುಂಡಿಯ ತುಂಬ ಹೂಳು, ಮೇಲೊಂದು ಒಣಗಿದ ಪದರ. ಎಡಗಂಬ ದಿನಕ್ಕೊಂದು ಬೆರಳು ಇಳಿಯತೊಡಗಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮರುದಿನ ಗುರುತೇ ಮಣ್ಣೊಳಗೆ. ಕಂಬದಡಿ ಹಲಗೆ ಕೊಟ್ಟೆ, ಅದನ್ನೂ ಹೂಳು ನುಂಗಿತು. ದೋಣಿ ಎತ್ತಿಸಲು ಕರೆಸಿದ ಕ್ರೇನಿನವನು ದಡದಲ್ಲೇ ನಿಂತು ನೋಡಿ, ಗಾಡಿ ತಿರುಗಿಸಿದ.

ಆ ಬಯಲಿನಲ್ಲಿ ಒಂದು ಮರವಿಲ್ಲ. ಮಧ್ಯಾಹ್ನ ಕಾವಲುಗಾರ ಮಲಗುತ್ತಿದ್ದುದು ದೋಣಿಯ ಎಡಮಗ್ಗುಲ ನೆರಳಿನಲ್ಲಿ.

"ಈಚೆ ಬಾ ಮಾರಾಯ, ದೋಣಿ ನಿನ್ನ ಮೇಲೇ ಬೀಳ್ತದೆ."

ಅವನು ಕಣ್ಣು ತೆರೆಯಲಿಲ್ಲ. "ನೆರಳಿಗೂ ಬಾಡಿಗಿ ಕೇಳಾಕತ್ತೀರೇನ್ರಿ?"

"ಬಾಡಿಗೆ ಬೇಡ. ಕಂಬ ಇಳೀತಾ ಉಂಟು, ನೋಡು."

"ನೀವು ಬ್ಯಾಡ ಅಂದ್ರ ಅದ್ರಾಗ ಏನೋ ಲೆಕ್ಕ ಇರತೈತಿ. ಹೋಗ್ರಿ, ಬಿಸಲಾಗ ನಿಂದ್ರಬ್ಯಾಡ್ರಿ."

ಕಂಬ ಕಿರುಗುಟ್ಟಿತು. ಅವನ ಕಾಲು ಹಿಡಿದು ಎಳೆದೆ. ಒದ್ದ. ದೋಣಿ ಅಂದು ಬೀಳಲಿಲ್ಲ. ಬೀಳದ್ದರಿಂದ ನನ್ನ ಮಾತು ಪೂರ್ತಿ ಸುಳ್ಳಾಯಿತು. ನಾಳೆಯೂ ಅವನು ಅಲ್ಲೇ ಮಲಗುತ್ತಾನೆ. ನಾನು ದಿನಾ ಬಂದು ಕಾಯಲಾರೆ.

ಮರುದಿನ ಬೆಳಿಗ್ಗೆ ಅವನು ಕುಡಿಯುವ ನೀರಿಗೆ ಹೋದ ಹೊತ್ತು ನೋಡಿ, ಎಡಗಂಬಕ್ಕೆ ಉದ್ದನೆಯ ಹಗ್ಗ ಬಿಗಿದು, ದೂರ ನಿಂತು ಎಳೆದೆ. ಕಂಬ ಕಿತ್ತು ಬಂತು. ದೋಣಿ ಅವಸರವೇ ಇಲ್ಲದೆ ವಾಲಿತು, ಆಮೇಲೆ ಒಮ್ಮೆಲೇ ಬಿತ್ತು. ಹಾಯಿಕಂಬ ಎರಡಾಯಿತು. ಪಕ್ಕೆ ಸೀಳಿತು.

ಕಾವಲುಗಾರ ಬಂದವನು ಕೊಡ ಇಳಿಸಿ, ತಾನು ಮಲಗುತ್ತಿದ್ದ ಜಾಗ ಹುಡುಕಿದ. ಅದು ದೋಣಿಯ ಅಡಿಯಲ್ಲಿತ್ತು. ಸುತ್ತ ಕಪ್ಪು ಹೂಳು ಉಕ್ಕುತ್ತಿತ್ತು.

"ನೀವೇ ಕೆಡವಿದ್ರೇನ್ರಿ?"

ಹೌದೆಂದೆ. ಅವನು ಒಂದು ಕೋಲು ಹುಡುಕಿಕೊಂಡು, ಕಾಲಿಡುವ ಮೊದಲು ನೆಲವನ್ನು ತಿವಿಯುತ್ತ ದಡದ ಕಡೆ ನಡೆದ. ನಾನು ಅವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಹಿಂದೆ ಹೋದೆ.